ಹೆಸರು ಯಾರ ಪಾಲಿಗೆ?

ಓದುಗರ ಪತ್ರ: "ನಮ್ಮ ಅತ್ತೆ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಿದ್ದರು. ಈಗ ನನ್ನ ಗಂಡ ಮತ್ತು ಮೈದುನ ಅತ್ತೆಯ ಹೆಸರಲ್ಲೇ ಅಂಗಡಿ ನಡೆಸುತ್ತಾರೆ. ಮೈದುನನಿಗೆ ಹುಬ್ಬಳ್ಳಿಯಲ್ಲಿ ಅದೇ ಹೆಸರಿನ ಇನ್ನೊಂದು ಅಂಗಡಿ ಹಾಕುವ ಆಸೆ. 'ಹಲ್ದಿರಾಮ್‌ನವರೂ ಹೀಗೇ ಬೆಳೆದದ್ದು, ಅಣ್ಣ ಒಂದೂರು, ತಮ್ಮ ಒಂದೂರು' ಅಂತಾನೆ. ಹೌದಾ? ನಮಗೂ ಆಗುತ್ತದಾ? ಹೆಸರು ಹಾಕಬೇಡಿ. — ಹಾವೇರಿ ಜಿಲ್ಲೆ"

ನಮಸ್ಕಾರ.

ನಿಮ್ಮ ಮೈದುನ ಹೇಳಿದ್ದು ನಿಜ. ಆದರೆ ಅರ್ಧ. ಉಳಿದರ್ಧ ಕೋರ್ಟಿನ ಕಡತಗಳಲ್ಲಿದೆ. ಅದನ್ನೂ ಹೇಳಿಬಿಡುತ್ತೇನೆ.

ಹಲ್ದಿರಾಮ್ ಅನ್ನುವುದು ರಾಜಸ್ಥಾನದ ಬಿಕಾನೇರಿನ ಗಂಗಾ ಬಿಷನ್ ಅಗರ್ವಾಲ್ ಅವರಿಗೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಕಂಪನಿಯವರು ಲೆಕ್ಕ ಹಿಡಿಯುವುದು 1937ರಿಂದ. ಅಂಗಡಿ ಚಿಕ್ಕದು, ಮಾರುತ್ತಿದ್ದದ್ದು ಮುಖ್ಯವಾಗಿ ಭುಜಿಯಾ. ನಮ್ಮ ಖಾರಾ ಸೇವಿನ ದೂರದ ನೆಂಟ ಅನ್ನಿ. ಆದರೆ ಅದರಲ್ಲಿ ಕಡಲೆಹಿಟ್ಟಿನ ಜೊತೆ ಮಡಕೆ ಕಾಳಿನ ಹಿಟ್ಟು ಬೀಳುತ್ತದೆ. ನಿಮ್ಮ ಕಡೆ ಮಡಿಕಿ ಅಂತೀರಲ್ಲ, ಅದೇ. ಮಳೆ ಕಡಿಮೆಯಾದರೂ ಬೆಳೆಯುವ ಕಾಳು, ಮರುಭೂಮಿಗೆ ಹೇಳಿ ಮಾಡಿಸಿದ್ದು. ಆ ಮನೆಗೆ ಭುಜಿಯಾ ಬಂದದ್ದು ಒಬ್ಬ ಸೋದರತ್ತೆಯಿಂದ, ಅದನ್ನು ಎಳೆ ಎಳೆಯಾಗಿ ತೆಳುವಾಗಿ ಒತ್ತಲು ಶುರು ಮಾಡಿದ್ದು ಗಂಗಾ ಬಿಷನ್ ಎಂಬುದು ಅವರ ಮನೆತನದ ಕತೆ. ಅದಕ್ಕೆ ಅವರಿಟ್ಟ ಹೆಸರು 'ಡುಂಗರ್ ಸೇವ್'. ಬಿಕಾನೇರಿನ ಮಹಾರಾಜ ಡುಂಗರ್ ಸಿಂಗ್ ಹೆಸರು ಅದು. ಮಹಾರಾಜರು ತೀರಿಹೋಗಿ ಆಗಲೇ ಎಷ್ಟೋ ವರ್ಷ ಆಗಿತ್ತು. ಜಾಹೀರಾತಿಗೆ ದುಡ್ಡು ಕೇಳುವವರು ಯಾರೂ ಇರಲಿಲ್ಲ! ತಿಂಡಿಗಿಂತ ಹೆಸರು ಜಾಸ್ತಿ ದೂರ ಹೋಗುತ್ತದೆ ಅನ್ನುವುದು ಆ ಮನುಷ್ಯನಿಗೆ ಅವತ್ತೇ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ಆಮೇಲೆ ಮೈದುನ ಹೇಳಿದ ಹಾಗೇ ಆಯಿತು. ಮಕ್ಕಳು ಕಲ್ಕತ್ತಾಗೆ ಹೋದರು. ಮೊಮ್ಮಕ್ಕಳಲ್ಲಿ ಒಬ್ಬರು ನಾಗಪುರಕ್ಕೆ, ಇನ್ನಿಬ್ಬರು ದಿಲ್ಲಿಯ ಚಾಂದನಿ ಚೌಕಕ್ಕೆ. ಒಂದೊಂದು ಊರಲ್ಲೂ ಅಲ್ಲಿನ ನಾಲಿಗೆ ನೋಡಿಕೊಂಡರು. ನಾಗಪುರಕ್ಕೆ ಹೋದವರು ಭುಜಿಯಾ ಒಂದನ್ನೇ ನಂಬಿ ಕೂರಲಿಲ್ಲ, ಸಿಹಿಗೂ ಕೈಹಾಕಿದರು. ಈಗ ಆ ಊರಿನಿಂದ ಯಾರೇ ಬಂದರೂ ಕೈಯಲ್ಲಿ ಕಿತ್ತಳೆ ಬರ್ಫಿ ಡಬ್ಬ ಇರುತ್ತದೆ. ನಮ್ಮ ಕಚೇರಿಗೆ ಬಂದ ಡಬ್ಬ ಮಧ್ಯಾಹ್ನ ದಾಟಿದ್ದೇ ಇಲ್ಲ.

ಇನ್ನು ಜಗಳದ ಕತೆ. ಇದನ್ನು ನಿಧಾನವಾಗಿ ಓದಿ.

1972ರ ಡಿಸೆಂಬರಿನಲ್ಲಿ ಕುಟುಂಬದ ಪಾಲುದಾರಿಕೆ ಸಂಸ್ಥೆ 'ಹಲ್ದಿರಾಮ್ ಭುಜಿಯಾವಾಲಾ' ಹೆಸರಿನ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿತು. 1974ರ ನವೆಂಬರಿನಲ್ಲಿ ಆ ಸಂಸ್ಥೆಯನ್ನೇ ಮುಚ್ಚಿ ಪಾಲು ಮಾಡಿಕೊಂಡರು. ಪಾತ್ರೆ, ಬಾಣಲೆ, ಅಂಗಡಿ ಹಂಚಬಹುದು. ಹೆಸರನ್ನು ಹೇಗೆ ಹಂಚುತ್ತೀರಿ? ಪಶ್ಚಿಮ ಬಂಗಾಳದಲ್ಲಿ ಹೆಸರು ಒಬ್ಬ ಸೊಸೆಯ ಪಾಲಿಗೆ, ದೇಶದ ಉಳಿದ ಕಡೆಯೆಲ್ಲ ಹಿರಿಯ ಮಗನ ಪಾಲಿಗೆ ಎಂದು ಆಗ ಬರೆದುಕೊಂಡಿದ್ದೇವೆ ಅನ್ನುವುದು ಮುಂದೆ ದಿಲ್ಲಿಯವರ ವಾದವಾಯಿತು. ಹದಿನೇಳು ವರ್ಷ ಹೇಗೋ ನಡೆಯಿತು. 1991ರ ಕೊನೆಗೆ ಕಲ್ಕತ್ತಾ ಕವಲಿನವರು ದಿಲ್ಲಿಯ ಕರೋಲ್ ಬಾಗ್‌ನಲ್ಲಿ ಅದೇ ಹೆಸರಿನ ಅಂಗಡಿ ತೆರೆದರು. ಚಾಂದನಿ ಚೌಕದವರು ಕೋರ್ಟಿಗೆ ಹೋದರು.

ಕಲ್ಕತ್ತಾ ಕವಲಿನವರು ಎತ್ತಿದ ತಕರಾರು ನೋಡಿ: 'ನಿಮ್ಮ ಪಾಲುದಾರಿಕೆಯೇ ನೋಂದಣಿ ಆಗಿಲ್ಲ, ನಿಮಗೆ ದಾವೆ ಹೂಡುವ ಹಕ್ಕೇ ಇಲ್ಲ.' ಕಾನೂನಿನಲ್ಲಿ ಅಂಥ ಕಲಮು ಇದೆ. ಕರಾರಿನಿಂದ ಬಂದ ಹಕ್ಕಿಗಾಗಿ ನೋಂದಣಿಯಿಲ್ಲದ ಸಂಸ್ಥೆ ದಾವೆ ಹೂಡುವ ಹಾಗಿಲ್ಲ. ಟ್ರೇಡ್‌ಮಾರ್ಕಿನ ಹಕ್ಕು ಹಾಗಲ್ಲ, ಅದಕ್ಕೆ ಈ ಅಡ್ಡಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಯಾವಾಗ? 2000ದ ಫೆಬ್ರುವರಿಯಲ್ಲಿ. ಅಂದರೆ, ದಾವೆ ನಡೆಯಬಹುದೋ ಬಾರದೋ ಅನ್ನುವುದು ತೀರ್ಮಾನವಾಗಲಿಕ್ಕೇ ಎಂಟು ವರ್ಷ ಹಿಡಿಯಿತು. ಹೆಸರು ಯಾರದು ಅನ್ನುವ ಮಾತು ಆಮೇಲಿನದು.

ಒಂದೇ ಅಜ್ಜನ ಮೊಮ್ಮಕ್ಕಳು ಇವರು.

ಅದೇ ಮನೆಯಲ್ಲಿ ಇನ್ನೊಬ್ಬ ಮೊಮ್ಮಗ ಬೇರೆ ದಾರಿ ಹಿಡಿದರು. ಶಿವರತನ್ ಅಗರ್ವಾಲ್ ಬಿಕಾನೇರಿನಲ್ಲೇ ಉಳಿದು, ಅಜ್ಜನ ಹೆಸರಿನ ಗೊಡವೆಗೇ ಹೋಗದೆ, 'ಬಿಕಾಜಿ' ಅಂತ ಹೊಸ ಹೆಸರು ಕಟ್ಟಿದರು. ಅವರ ಕಂಪನಿ 2022ರಲ್ಲಿ ಷೇರು ಪೇಟೆಗೂ ಬಂತು. ನನಗೆ ಈ ಕತೆಯಲ್ಲಿ ಜಾಸ್ತಿ ಇಷ್ಟವಾಗುವುದು ಇವರೇ. ಇತ್ತ ದಿಲ್ಲಿ ಮತ್ತು ನಾಗಪುರದವರು ಪ್ಯಾಕೆಟ್ ತಿಂಡಿಯ ವ್ಯಾಪಾರವನ್ನು 2025ರಲ್ಲಿ ಒಂದೇ ಕಂಪನಿಗೆ ತಂದರು. ಅದೇ ಹೊತ್ತಿಗೆ ಸಿಂಗಪುರದ ಹೂಡಿಕೆ ಕಂಪನಿ ಟೆಮಾಸೆಕ್ ಸುಮಾರು 10 ಶೇಕಡಾ ಪಾಲು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಹೊರಗಿನ ದುಡ್ಡು ಬರುವಾಗ ಮನೆ ಒಂದಾಗಿ ಕಾಣಬೇಕು, ಅಲ್ವಾ?

ಇದೆಲ್ಲ ಮಾರವಾಡಿಗಳ ಮನೆ ಕತೆ ಅಂದುಕೊಳ್ಳಬೇಡಿ. ಬೆಂಗಳೂರಿನ ಎಂಟಿಆರ್ ನೋಡಿ. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲ್. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ ನಷ್ಟ ತಾಳಲಾರದೆ ಬಾಗಿಲು ಹಾಕಿದರು. ಕೆಲಸದವರನ್ನು ಬಿಡುವ ಹಾಗಿರಲಿಲ್ಲ, ಹಾಗಾಗಿ ದಿಢೀರ್ ಮಿಶ್ರಣ, ಪುಡಿಗಳ ಕಡೆ ತಿರುಗಿದರು. 2007ರಲ್ಲಿ ಆ ಪ್ಯಾಕೆಟ್ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು. ಆ ಹೊತ್ತಿಗೆ ಮತ್ತೆ ತೆರೆದಿದ್ದ ಹೋಟೆಲ್ ಕುಟುಂಬದಲ್ಲೇ ಉಳಿಯಿತು. ಈಗ ಲಾಲ್‌ಬಾಗ್ ರಸ್ತೆಯ ರವೆ ಇಡ್ಲಿಗೂ ಅಂಗಡಿಯ ರವೆ ಇಡ್ಲಿ ಪ್ಯಾಕೆಟ್ಟಿಗೂ ಹೆಸರು ಒಂದೇ, ಯಜಮಾನರು ಬೇರೆ. ಪ್ಯಾಕೆಟ್ ವ್ಯಾಪಾರ ಕಟ್ಟಿದ ಸದಾನಂದ ಮಯ್ಯರು ಆಮೇಲೆ ತಿಂಡಿ ಕಂಪನಿ ಮಾಡಿದಾಗ 'ಮಯ್ಯಾಸ್' ಅಂತ ಬೇರೆ ಹೆಸರೇ ಇಡಬೇಕಾಯಿತು.

ನಿಮ್ಮ ಚಕ್ಕುಲಿಗೆ ಬರೋಣ. ಆಗುತ್ತದಾ ಅಂತ ಕೇಳಿದ್ದೀರಿ. ರುಚಿ ಚೆನ್ನಾಗಿದ್ದರೆ ಹಾವೇರಿಯಿಂದ ಹುಬ್ಬಳ್ಳಿ ಏನು ದೂರ? ಕಷ್ಟ ಶುರುವಾಗುವುದು ಅಂಗಡಿಯಿಂದ ಆಚೆ, ಪ್ಯಾಕೆಟ್ಟಿನಲ್ಲಿ. ಕರಿದ ತಿಂಡಿಗೆ ಗಾಳಿಯೇ ಶತ್ರು. ಗಾಳಿಯ ಆಮ್ಲಜನಕ ತಾಗಿದರೆ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ, ತೇವ ತಾಗಿದರೆ ಚಕ್ಕುಲಿ ಮೆತ್ತಗಾಗುತ್ತದೆ. ದೊಡ್ಡ ಕಂಪನಿಗಳ ಪ್ಯಾಕೆಟ್ ಉಬ್ಬಿಕೊಂಡಿರುತ್ತದಲ್ಲ, ಅದರಲ್ಲಿರುವುದು ಗಾಳಿಯ ಬದಲು ತುಂಬಿದ ನೈಟ್ರೋಜನ್ ಅನಿಲ. ಒಳಗಿನ ಬೆಳ್ಳಿ ಬಣ್ಣದ ಪದರ ಬೆಳಕು, ತೇವ ಎರಡನ್ನೂ ತಡೆಯುತ್ತದೆ. ಸುಮ್ನೆ ಶೋಕಿಗೆ ಇಟ್ಟದ್ದಲ್ಲ. ಮೊದಲ ಸಾಲ ತೆಗೆಯುವುದಿದ್ದರೆ ಅಂಗಡಿಯ ಗಾಜು, ದೀಪಕ್ಕಲ್ಲ, ಹೀಗೆ ಪ್ಯಾಕ್ ಮಾಡುವ ಯಂತ್ರಕ್ಕೆ ತೆಗೆಯಿರಿ ಅಂತೀನಿ.

ಆದರೆ ಅದಕ್ಕೂ ಮೊದಲು ಒಬ್ಬ ವಕೀಲರ ಹತ್ತಿರ ಹೋಗಿ. ಪಾಲುದಾರಿಕೆ ಪತ್ರ ಮಾಡಿಸಿ, ನೋಂದಣಿ ಮಾಡಿಸಿ. ಹೆಸರಿಗೆ ಟ್ರೇಡ್‌ಮಾರ್ಕ್ ಹಾಕಿಸಿ, 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು. ನಾಳೆ ಅಣ್ಣ ತಮ್ಮ ಬೇರೆಯಾದರೆ ಹೆಸರು ಎಲ್ಲಿ ಯಾರಿಗೆ ಅಂತ ಊರಿನ ಹೆಸರು ಹಾಕಿಯೇ ಬರೆಯಿರಿ. 'ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ' ಅಂತ ನಿಮ್ಮ ಯಜಮಾನರು ಹೇಳುತ್ತಾರೆ. ಹೇಳಲಿ, ಬರೆಸಿ.

ಇನ್ನೊಂದು ಮಾತು. ಅಂಗಡಿಗಿರುವುದು ನಿಮ್ಮ ಅತ್ತೆಯ ಹೆಸರು. ಕೈರುಚಿಯೂ ಅವರದೇ. ಗಂಡ ಏನಂದರು, ಮೈದುನ ಏನಂದ ಅಂತ ಎರಡು ಪುಟ ಬರೆದಿದ್ದೀರಿ. ಅತ್ತೆ ಏನಂದರು ಅಂತ ಒಂದು ಸಾಲೂ ಇಲ್ಲ. ಅವರನ್ನು ಕೇಳಿ ಮತ್ತೆ ಬರೆಯಿರಿ.

— ಸಂಪಾದಕ