ಅಲ್ಲಿ ಓದು, ಇಲ್ಲಿ ಬೆತ್ತ

ತುಮಕೂರಿನ ಓದುಗರೊಬ್ಬರ ಪತ್ರ: "ಮಗನಿಗೆ ಜೈಪುರಕ್ಕೆ ವರ್ಗ ಆಯಿತು. ನೋಡಿ ಬರೋಣ ಅಂತ ಹೋಗಿದ್ದೆವು. ಒಂದು ಕಚೇರಿ ಮೇಲೆ ಹಿಂದಿಯಲ್ಲಿ 'ಶಿಕ್ಷಾ ವಿಭಾಗ' ಅಂತ ಬೋರ್ಡು. ನಮ್ಮ ಮನೆಯವರು ಜೈಲು ಇಲಾಖೆ ಅಂದುಕೊಂಡರು! ಓದು ಅನ್ನುವ ಅರ್ಥದ ಒಳ್ಳೆ ಪದವನ್ನು ಕನ್ನಡದವರು ಯಾಕೆ ಹೀಗೆ ಕೆಡಿಸಿದೆವು?"

ಕೆಡಿಸಿದ್ದು ನಾವಷ್ಟೇ ಅಲ್ಲ ಸ್ವಾಮಿ. ಮರಾಠಿ, ತೆಲುಗು, ಮಲಯಾಳಂನವರೂ ಜೊತೆಗಿದ್ದಾರೆ. 2024ರವರೆಗೆ ಜಾರಿಯಲ್ಲಿದ್ದ ಇಂಡಿಯನ್ ಪೀನಲ್ ಕೋಡ್ ಕೇರಳದಲ್ಲಿ 'ಶಿಕ್ಷಾನಿಯಮ', ತೆಲುಗಿನಲ್ಲಿ 'ಶಿಕ್ಷಾಸ್ಮೃತಿ' ಆಗಿತ್ತು. ಜೈಪುರದವರು ಕೇಳಿದರೆ ಟೀಚರುಗಳ ಕೈಪಿಡಿ ಅಂದುಕೊಂಡಾರು. ಸಮುದ್ರ ದಾಟಿದರೂ ಇದೇ ಕಥೆ. ಥಾಯ್ ಭಾಷೆಯ 'ಸುಕ್ಸಾ' ಅಂದರೆ ಓದು. ಇಂಡೋನೇಷ್ಯಾದ 'ಸಿಕ್ಸಾ' ಅಂದರೆ ಚಿತ್ರಹಿಂಸೆ! ಅವರು ನಮಗಿಂತ ಒಂದು ಕೈ ಮೇಲು.

ಬೇರು ಇರುವುದು ಸಂಸ್ಕೃತದ 'ಶಕ್' ಧಾತುವಿನಲ್ಲಿ. ಶಕ್ತಿ, ಶಕ್ಯ ಹುಟ್ಟಿದ್ದೂ ಅಲ್ಲೇ. 'ಪಾ' ಅಂದರೆ ಕುಡಿ, ಕುಡಿಯುವ ಆಸೆ ಪಿಪಾಸೆ. 'ಜ್ಞಾ' ಅಂದರೆ ತಿಳಿ, ತಿಳಿಯುವ ಆಸೆ ಜಿಜ್ಞಾಸೆ. ಹಾಗೇ 'ಶಕ್' ಜೊತೆ ಆಸೆ ಸೇರಿದರೆ ಶಿಕ್ಷೆ. ಇದು ನನ್ನ ಕೈಲಿ ಆಗಲೇಬೇಕು ಅನ್ನುವ ಹಟ. ಎಷ್ಟು ಚೆಂದ ಅಲ್ವಾ? ಆರು ವೇದಾಂಗಗಳಲ್ಲಿ ಉಚ್ಚಾರಣೆ ಕಲಿಸುವ ಅಂಗದ ಹೆಸರೂ ಶಿಕ್ಷಾ. ಅಲ್ಲಿ ತಪ್ಪಾಡಿದರೆ ತಿದ್ದಲೇಬೇಕು.

ಆ ತಿದ್ದುವ ಜಾಗದಲ್ಲೇ ಬೆತ್ತ ನುಸುಳಿತು ಅಂತ ನನ್ನ ಲೆಕ್ಕ. ನಮ್ಮ ಮನೆಮಾತನ್ನೇ ನೋಡಿ. 'ಇರು, ಬುದ್ಧಿ ಕಲಿಸ್ತೀನಿ' ಅಂದರೆ ಯಾರೂ ಸ್ಲೇಟು ತರುವುದಿಲ್ಲ, ಓಡುತ್ತಾರೆ. ಹದಿನೇಳರ ಮಗ್ಗಿ ತಪ್ಪಿದರೆ ನಮ್ಮ ಮೇಷ್ಟ್ರು 'ಕೈ ಚಾಚೋ' ಅನ್ನುತ್ತಿದ್ದರು. ಹುಣಸೆ ಬರಲು ಅಂಗೈಗೆ ಬಿದ್ದ ಮರುಕ್ಷಣ 'ಹದಿನೇಳಾರ್ಲೆ ನೂರೆರಡು' ಅಂತ ಬಾಯಿ ತಾನಾಗಿ ಕೂಗುತ್ತಿತ್ತು. ಅದು ಹಿಂದಿ ಶಿಕ್ಷಾನೋ ಕನ್ನಡದ ಶಿಕ್ಷೆಯೋ, ನೀವೇ ಹೇಳಿ.

ಆಮೇಲೆ ಕನ್ನಡ ಜಾಣತನದಿಂದ ಪಾಲು ಮಾಡಿತು. ಶಿಕ್ಷಣ, ಶಿಕ್ಷಕ ಶಾಲೆಗೆ. ಶಿಕ್ಷೆ ಕೋರ್ಟಿಗೆ. ಕೇಂದ್ರದ 'ಸರ್ವ ಶಿಕ್ಷಾ ಅಭಿಯಾನ' ಇಲ್ಲಿ 'ಸರ್ವ ಶಿಕ್ಷಣ ಅಭಿಯಾನ' ಆಗಿದ್ದೂ ಅದಕ್ಕೇ ಇರಬೇಕು. ಇಲ್ಲದಿದ್ದರೆ ಶಾಲೆ ಗೋಡೆ ಮೇಲೆ 'ಎಲ್ಲರಿಗೂ ಶಿಕ್ಷೆ' ಅಂತ ಓದಿ ಮಕ್ಕಳು ಗೇಟಿನಿಂದಲೇ ವಾಪಸ್!

ನಿಮ್ಮ ಮನೆಯವರಿಗೆ ಇದನ್ನೂ ಹೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ ಹಿಂದಿಯಲ್ಲಿ 'ಶಿಕ್ಷಾ ಕಾ ಅಧಿಕಾರ' ಅನ್ನುತ್ತಾರೆ. ಮಕ್ಕಳಿಗೆ ಹೊಡೆಯಬಾರದು ಅನ್ನುವುದು ಅದರ 17ನೇ ಸೆಕ್ಷನ್ (ಮತ್ತೆ ಹದಿನೇಳು!). ಶಿಕ್ಷಾ ಹಕ್ಕಿನ ಕಾನೂನಿನಲ್ಲೇ ಶಿಕ್ಷೆ ಬಂದ್. ಜೈಪುರದಲ್ಲಿ ಈ ತಮಾಷೆಗೆ ಯಾರೂ ನಗುವುದಿಲ್ಲ, ತುಮಕೂರಿಗೆ ಬಂದ ಮೇಲೆ ಹೇಳಿ.

– ಸಂ.