ಐಫೋನ್ ತಗೊಳ್ಳಲಾ, ಆಂಡ್ರಾಯ್ಡಲ್ಲೇ ಇರಲಾ? ಓದುಗರ ಫೋನ್ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ನನ್ನ ಆಂಡ್ರಾಯ್ಡ್ ಫೋನ್ ಹಳೆಯದಾಗಿದೆ, ಪದೇ ಪದೇ ಹ್ಯಾಂಗ್ ಆಗುತ್ತದೆ. ಧಾರವಾಡದಲ್ಲಿ ಓದುವ ಮಗಳು ‘ಈ ಸಲ ಐಫೋನೇ ತಗೋ ಅಪ್ಪಾ, ಆಂಡ್ರಾಯ್ಡ್ ಸೇಫ್ ಅಲ್ಲ’ ಎನ್ನುತ್ತಾಳೆ. ನನ್ನ ಬಜೆಟ್ 30,000 ರೂಪಾಯಿ. ಅಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಐಫೋನ್ ನೋಡಬೇಕು. ಎರಡು ಸಿಮ್ ಇಟ್ಟುಕೊಂಡಿದ್ದೇನೆ. ರೈತರ ಜತೆ ವ್ಯವಹಾರವೆಲ್ಲ ವಾಟ್ಸಾಪ್‌ನಲ್ಲಿ, ಕನ್ನಡದಲ್ಲಿ. ಏನು ಮಾಡಲಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ನೀವು ಹೊಸ ಆಂಡ್ರಾಯ್ಡ್ ಫೋನೇ ತಗೊಳ್ಳಿ. ಹಾಗಂತ ಮಗಳ ಮಾತನ್ನು ತಳ್ಳಿಹಾಕಬೇಡಿ. ಅವಳು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಎರಡು ಸಿಮ್ ವಿಷಯ. ನಮ್ಮಲ್ಲಿ ಸಿಗುವ ಐಫೋನ್‌ಗಳಲ್ಲಿ ಸಿಮ್ ಕಾರ್ಡ್ ಹಾಕಲು ಜಾಗ ಇರುವುದು ಹೆಚ್ಚೆಂದರೆ ಒಂದಕ್ಕೆ. ಇನ್ನೊಂದು ನಂಬರನ್ನು ಇ-ಸಿಮ್ ಮಾಡಿಸಬೇಕು. ಅಂದರೆ ಕೈಯಲ್ಲಿ ಕಾರ್ಡೇ ಇರುವುದಿಲ್ಲ, ನಂಬರ್ ಫೋನಿನೊಳಗೇ ಸೇರಿಬಿಡುತ್ತದೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದೊಂದು ತೊಂದರೆಯೇ ಅಲ್ಲ. ನಿಮಗೆ ಹೌದು. ಸೋಮವಾರವೋ ಗುರುವಾರವೋ ಮಾರುಕಟ್ಟೆ ತುಂಬಿರುವಾಗ ಫೋನ್ ಕೈಜಾರಿ ಬಿದ್ದು ಡಿಸ್‌ಪ್ಲೇ ಹೋಯಿತು ಅಂದುಕೊಳ್ಳಿ. ಕಾರ್ಡ್ ಇದ್ದರೆ ತೆಗೆದು ಗುಮಾಸ್ತರ ಫೋನಿಗೆ ಹಾಕಿ ಆ ಕ್ಷಣವೇ ಮಾತು ಮುಂದುವರಿಸಬಹುದು. ಇ-ಸಿಮ್ ಆದರೆ ಅದನ್ನು ಬೇರೆ ಫೋನಿಗೆ ಹೊಸದಾಗಿ ಹಾಕಿಸಿಕೊಳ್ಳುವವರೆಗೆ ಕಾಯಬೇಕು. ಚೀಲ ಇಳಿಸಿ ನಿಂತ ರೈತ ಎಷ್ಟು ಹೊತ್ತು ಕಾಯುತ್ತಾನೆ?

ಎರಡನೆಯದು ದೂಳು. ನಾನು ಹುಬ್ಬಳ್ಳಿಯಲ್ಲಿ ಫೋನ್ ರಿಪೇರಿ ಮಾಡುವವನು. ಬ್ಯಾಡಗಿ ಕಡೆಯ ಫೋನ್ ಟೇಬಲ್ಲಿಗೆ ಬಂದರೆ ಕೇಳದೆಯೇ ಗೊತ್ತಾಗುತ್ತದೆ. ಚಾರ್ಜಿಂಗ್ ಪೋರ್ಟ್‌ನ ತಳದಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿರುತ್ತದೆ, ಸ್ಪೀಕರ್ ಜಾಲರಿಯಲ್ಲೂ ಅದೇ ಬಣ್ಣ. ಬ್ರಷ್ ಆಡಿಸಿದರೆ ಅಂಗಡಿಯಲ್ಲಿದ್ದವರಿಗೆಲ್ಲ ಸೀನು ಬರುತ್ತದೆ. ‘ಚಾರ್ಜ್ ಆಗ್ತಿಲ್ಲ, ಪೋರ್ಟ್ ಬದಲಿಸಿ’ ಎಂದು ತಂದವರ ಫೋನಿನಲ್ಲಿ ಎಷ್ಟೋ ಸಲ ಆ ಪುಡಿ ತೆಗೆದರೆ ಸಾಕು, ಪಿನ್ ಸರಿಯಾಗಿ ಕೂರುತ್ತದೆ. ಇದನ್ನು ನೀವೇ ಮಾಡಿಕೊಳ್ಳಬಹುದು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಸೇಫ್ಟಿಪಿನ್ ಮಾತ್ರ ಹಾಕಬೇಡಿ.

ಹೊಸ ಫೋನ್ ತಗೊಳ್ಳುವಾಗ ಐಪಿ67 ಅಥವಾ ಐಪಿ68 ಎಂದು ಬರೆದಿದೆಯಾ ನೋಡಿ. ಇದರಲ್ಲಿ ಮೊದಲ ಅಂಕಿ ದೂಳಿಗೆ ಸಂಬಂಧಿಸಿದ್ದು, ಎರಡನೆಯದು ನೀರಿಗೆ. ಮೊದಲನೆಯದು 6 ಇದ್ದರೆ ಬಾಡಿಯೊಳಗೆ ದೂಳು ಇಳಿಯುವುದಿಲ್ಲ. ಐಫೋನ್‌ಗಳಲ್ಲೂ ಈ ಗುಣ ಬಹಳ ವರ್ಷದಿಂದ ಇದೆ. ಆದರೆ ಒಮ್ಮೆ ಬಿಚ್ಚಿ ಡಿಸ್‌ಪ್ಲೇನೋ ಬ್ಯಾಟರಿನೋ ಬದಲಿಸಿದ ಫೋನಿನಲ್ಲಿ ಅಂಚಿನ ಅಂಟು ಮೊದಲಿನಷ್ಟು ಬಿಗಿಯಾಗಿದೆ ಎನ್ನಲು ಖಾತ್ರಿ ಇಲ್ಲ. ಸೆಕೆಂಡ್ ಹ್ಯಾಂಡ್ ಫೋನನ್ನು ನಿಮ್ಮ ಅಂಗಡಿಗೆ ನಾನು ಬೇಡ ಅನ್ನುವುದಕ್ಕೆ ಇದೇ ದೊಡ್ಡ ಕಾರಣ.

ಇನ್ನು ಅಪ್‌ಡೇಟ್. ಐಫೋನ್‌ಗೆ ವರ್ಷಗಟ್ಟಲೆ ಅಪ್‌ಡೇಟ್ ಬರುತ್ತದೆ ಎನ್ನುವುದು ನಿಜ. 2018ರ ಐಫೋನ್ ಎಕ್ಸ್‌ಆರ್‌ಗೆ ಐಫೋನಿನ 2024ರ ಸಾಫ್ಟ್‌ವೇರ್ ಐಓಎಸ್ 18 ಕೂಡ ಬಂತು, ಅದರ ಮುಂದಿನದಾದ 2025ರ ಐಓಎಸ್ 26 ಬರಲಿಲ್ಲ. ಆದರೆ ಆ ಲೆಕ್ಕ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಹಳೆಯ ಐಫೋನ್ ಕೊಂಡರೆ ಅರ್ಧ ಆಯುಷ್ಯವನ್ನು ಬೇರೆಯವರು ಆಗಲೇ ಬಳಸಿರುತ್ತಾರೆ. ಅದೇ 2025ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ26ಕ್ಕೆ ಕಂಪನಿ ಆರು ವರ್ಷದ ಅಪ್‌ಡೇಟ್ ಮಾತು ಕೊಟ್ಟಿದೆ, ಐಪಿ67 ಕೂಡ ಇದೆ. ಅದನ್ನೇ ತಗೊಳ್ಳಿ ಅನ್ನುತ್ತಿಲ್ಲ. ನಿಮ್ಮ ಬಜೆಟ್ಟಿನಲ್ಲಿ ಇಂಥದ್ದು ಸಿಗುತ್ತದೆ, ಅಂಗಡಿಯಲ್ಲಿ ಕ್ಯಾಮೆರಾ ಬಗ್ಗೆ ಕೇಳುವ ಮೊದಲು ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ ಅಂತಷ್ಟೇ.

ಕನ್ನಡದ ವಿಷಯ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನಿಂದ ಹಿಡಿದು ಮೆನು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಬಹುದು. 2017ರಿಂದ ಗೂಗಲ್ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿ ಮೂಡುತ್ತದೆ. ಅದೇ ವರ್ಷ ಐಫೋನ್‌ಗೂ ಕನ್ನಡ ಕೀಬೋರ್ಡ್ ಬಂತು, ಬೆರಳಿನಿಂದ ಟೈಪ್ ಮಾಡಲು ಅಡ್ಡಿ ಇಲ್ಲ. ನಿಮ್ಮಂಥವರು ಅಂಗಡಿಯಲ್ಲೇ ಪರೀಕ್ಷೆ ಮಾಡಿ ನೋಡಬೇಕು. ಮೈಕ್ ಒತ್ತಿ ನಿಮ್ಮ ಮೆಣಸಿನಕಾಯಿ ತಳಿಗಳ ಹೆಸರು ಹಿಡಿದೇ ‘ಡಬ್ಬಿ ಹತ್ತು ಚೀಲ, ಕಡ್ಡಿ ಇಪ್ಪತ್ತು ಚೀಲ, ನಾಳೆ ಬೆಳಿಗ್ಗೆ ತನ್ನಿ’ ಅನ್ನಿ. ನಿಮ್ಮ ಮಾತಿನ ಧಾಟಿ ಹಿಡಿದು ಸರಿಯಾಗಿ ಬರೆಯುವ ಫೋನ್ ಯಾವುದೋ ಅದಕ್ಕೆ ದುಡ್ಡು ಕೊಡಿ.

ಈಗ ಮಗಳ ಮಾತು. ಮದುವೆ ಆಮಂತ್ರಣ, ಪಿಎಂ ಕಿಸಾನ್ ಕಂತು, ಗಾಡಿಯ ದಂಡ ಎಂದೆಲ್ಲ ಹೆಸರಿಟ್ಟು ವಾಟ್ಸಾಪ್‌ನಲ್ಲಿ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ನಿಮ್ಮ ಎಸ್ಸೆಮ್ಮೆಸ್ಸು, ಓಟಿಪಿ ಎಲ್ಲ ಕಳ್ಳರಿಗೆ ಹೋಗುತ್ತದೆ. ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕಿಕೊಳ್ಳಲು ಆಂಡ್ರಾಯ್ಡ್ ಬಿಡುತ್ತದೆ, ಅದರಿಂದಲೇ ಈ ಕಾಟ. ಐಫೋನ್‌ನಲ್ಲಿ ಆ ಫೈಲ್ ಓಡುವುದೇ ಇಲ್ಲ. ಇಷ್ಟರಮಟ್ಟಿಗೆ ಅವಳು ಹೇಳಿದ್ದು ಸರಿ. ಆದರೆ ಫೋನ್ ಮಾಡಿ ‘ಬ್ಯಾಂಕಿನಿಂದ ಮಾತಾಡ್ತಿದೀವಿ’ ಎನ್ನುವವನಿಗೆ ಓಟಿಪಿ ಹೇಳಿದರೆ ಐಫೋನ್ ಇದ್ದರೂ ದುಡ್ಡು ಹೋಗುತ್ತದೆ.

ಹೊಸ ಫೋನ್ ಬಂದ ದಿನ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊರಗಿನ ಆ್ಯಪ್ ಇನ್‌ಸ್ಟಾಲ್ ಮಾಡಲು ವಾಟ್ಸಾಪ್‌ಗೂ ಕ್ರೋಮ್‌ಗೂ ಇರುವ ಅನುಮತಿಯನ್ನು ಅವಳೇ ಆಫ್ ಮಾಡಲಿ. ಸ್ಯಾಮ್‌ಸಂಗ್ ಆದರೆ ಆಟೋ ಬ್ಲಾಕರ್ ಎಂಬುದನ್ನು ಆನ್ ಮಾಡಿದರೆ ಆಯಿತು. ಅಷ್ಟಾಗಿಯೂ ಏನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ನಂಬರ್. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಮಗಳು ಹಟ ಬಿಡದೆ ಐಫೋನೇ ಎಂದರೆ, ದುಡ್ಡು ಕೊಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರಲ್ಲಿ ಅಬೌಟ್ ತೆರೆಯಿರಿ. ಐಫೋನ್ 12 ಮತ್ತು ಆಮೇಲಿನವುಗಳಲ್ಲಿ ಡಿಸ್‌ಪ್ಲೇ, ಬ್ಯಾಟರಿ ಬದಲಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಳೆಯ ಮಾಲೀಕನ ಆ್ಯಪಲ್ ಅಕೌಂಟ್ ಅವನ ಕೈಯಿಂದಲೇ, ನಿಮ್ಮ ಕಣ್ಣೆದುರೇ ತೆಗೆಸಿ. *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರೆದುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ, ಕದ್ದ ಮಾಲು ಎಂದು ಬ್ಲಾಕ್ ಆಗಿದ್ದರೆ ತಿಳಿಯುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ರೋಣದಲ್ಲಿರುವ ಅವ್ವನಿಗೆ ನನ್ನ ಹಳೆಯ ಐಫೋನ್ ಕೊಡಬೇಕೆಂದಿದ್ದೇನೆ. ಅವಳ ಹತ್ತಿರ ಈಗ ಆಂಡ್ರಾಯ್ಡ್ ಇದೆ. ಹೊಲ, ಮನೆ ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಕೊಡಲಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅವ್ವನನ್ನು ಕೇಳಿದಿರಾ? ಆಂಡ್ರಾಯ್ಡ್ ಫೋನಿನ ಕೆಳಗೆ ಹಿಂದಕ್ಕೆ ಹೋಗುವ ಬಟನ್ ಇರುತ್ತದಲ್ವಾ, ಹಿರಿಯರು ಅದನ್ನು ನಂಬಿಯೇ ಫೋನ್ ಕಲಿತಿರುತ್ತಾರೆ. ಎಲ್ಲಿಗೋ ಹೋಗಿಬಿಟ್ಟರೂ ಅದನ್ನು ಒತ್ತುತ್ತಾ ವಾಪಸ್ ಬರುತ್ತಾರೆ. ಐಫೋನ್‌ನಲ್ಲಿ ಆ ಬಟನ್ ಇಲ್ಲ. ಎಡ ಅಂಚಿನಿಂದ ಬೆರಳು ಎಳೆಯಬೇಕು, ಇಲ್ಲವೇ ಮೇಲಿನ ಮೂಲೆಯಲ್ಲಿರುವ ಬಾಣದ ಗುರುತು ಹುಡುಕಬೇಕು. ನಮಗೆ ಇದು ಸಣ್ಣದು. ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅವರಿಗೆ ಇದು ದೊಡ್ಡದು.

ರೈತರ ಬೆಳೆ ಸಮೀಕ್ಷೆ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಸಿಗುತ್ತದೆ. ಇಂಥ ಆ್ಯಪ್ ಯಾವ್ಯಾವುದನ್ನು ಅವ್ವ ಬಳಸುತ್ತಾಳೆ ಎಂದು ಅವಳ ಫೋನ್ ತೆರೆದು ನೋಡಿ, ಒಂದೊಂದನ್ನೂ ನಿಮ್ಮ ಆ್ಯಪ್ ಸ್ಟೋರ್‌ನಲ್ಲಿ ಹುಡುಕಿ. ಒಂದು ಸಿಗದಿದ್ದರೂ ಕೊಡಬೇಡಿ. ಎಲ್ಲ ಸಿಕ್ಕಿ, ಅವ್ವನಿಗೂ ಮನಸ್ಸಿದ್ದರೆ ಪಂಚಮಿಗೆ ಊರಿಗೆ ಹೋದಾಗ ಕೊಡಿ, ಕೊರಿಯರ್ ಮಾಡಬೇಡಿ. ನಿಮ್ಮ ಅಕೌಂಟ್ ತೆಗೆದು ಐಫೋನನ್ನು ಪೂರ್ತಿ ರೀಸೆಟ್ ಮಾಡಿ. ಆಮೇಲೆ ಅವ್ವನ ಆಂಡ್ರಾಯ್ಡ್‌ನಲ್ಲಿ ‘ಮೂವ್ ಟು ಐಓಎಸ್’ ಆ್ಯಪ್ ಹಾಕಿದರೆ 2022ರಿಂದ ವಾಟ್ಸಾಪ್ ಮಾತುಕತೆಯೂ ಜತೆಗೆ ಬರುತ್ತದೆ. ರೀಸೆಟ್ ಮಾಡದೆ ಅದು ಬರುವುದಿಲ್ಲ. ಮೊಮ್ಮಕ್ಕಳ ವಾಯ್ಸ್ ಮೆಸೇಜ್ ಕಳೆದರೆ ಅವ್ವ ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ.

ಪ್ರಶ್ನೆ: ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಅಣ್ಣ 60,000 ರೂಪಾಯಿವರೆಗೆ ಕೊಡಿಸುತ್ತೇನೆ ಎಂದಿದ್ದಾನೆ. ಐಫೋನ್ ಬೇಕೆಂಬುದು ಬರೀ ಆಸೆಯಾ, ಉಪಯೋಗ ಇದೆಯಾ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮಗೆ ಉಪಯೋಗ ಇದೆ ತಂಗಿ, ತಗೊಳ್ಳಿ. ರಿಯಾಜ್‌ಗೆ ತಾನ್ಪುರ, ತಬಲಾ ಕೊಡುವ ಐತಬಲಾಪ್ರೊ ಆ್ಯಪಲ್‌ಗೆಂದೇ ಮಾಡಿದ್ದು. ಹಾಡು ರೆಕಾರ್ಡ್ ಮಾಡಿ ಪದರ ಪದರವಾಗಿ ಕೂರಿಸುವ ಗ್ಯಾರೇಜ್‌ಬ್ಯಾಂಡ್ ಕೂಡ ಅಲ್ಲಿ ಮಾತ್ರ, ಅದೂ ಪುಕ್ಕಟೆ. ಐಫೋನ್ 15 ಅಥವಾ ಅದರ ನಂತರದ್ದನ್ನೇ ನೋಡಿ, ಚಾರ್ಜರ್ ಟೈಪ್-ಸಿ ಇರುತ್ತದೆ, ಹೊರಗಿನ ಮೈಕ್ ಜೋಡಿಸುವುದೂ ಸುಲಭ. ಫೋನ್ ಈಗಿರುವುದೇ ಚೆನ್ನಾಗಿದೆ ಎಂದಾದರೆ ಸಾಧಾರಣ ಐಪ್ಯಾಡ್ ಒಂದನ್ನು ಕೊಂಡು ರಿಯಾಜ್‌ಗೆಂದೇ ಇಟ್ಟುಕೊಳ್ಳಬಹುದು. ಈ ಎರಡು ಆ್ಯಪ್ ಅದರಲ್ಲೂ ನಡೆಯುತ್ತವೆ, ಅಭ್ಯಾಸದ ಮಧ್ಯೆ ಫೋನ್ ಕರೆಯ ಕಾಟವೂ ಇರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಗುರುಗಳನ್ನೊಮ್ಮೆ ಕೇಳಿ. ಅವರು ಪಾಠಕ್ಕೆ ಯಾವ ಆ್ಯಪ್ ಬಳಸುತ್ತಾರೋ ಅದೇ ನಿಮ್ಮ ಹತ್ತಿರವೂ ಇದ್ದರೆ ಕ್ಲಾಸಿನಲ್ಲಿ ಕೇಳಿದ ಶ್ರುತಿಯಲ್ಲೇ ಮನೆಯಲ್ಲೂ ಕೂರಬಹುದು.