ಓದುಗರ ಪ್ರಶ್ನೆ: ಸ್ವೆಟರಿನ ಮೇಲಿನ ಅಕ್ಷರ

ಪ್ರಶ್ನೆ: 1920ರ ದಶಕದಲ್ಲಿ ಅಮೆರಿಕದ ಕಾಲೇಜೊಂದು ಹೊರತಂದ ವಾರ್ಷಿಕ ಸಂಚಿಕೆಯನ್ನು ಇತ್ತೀಚೆಗೆ ನೋಡಿದೆ. ಅದರ ಒಂದು ಪುಟದಲ್ಲಿ ‘ಡಬ್ಲ್ಯು.ಎ.ಎ.’ ಎಂಬ ಶೀರ್ಷಿಕೆಯಡಿ ಹಾಕಿ ಕೋಲು ಮತ್ತು ಬಿಲ್ಲು ಹಿಡಿದ ಯುವತಿಯರು ಸಾಲಾಗಿ ನಿಂತಿದ್ದಾರೆ. ಕೆಲವರ ಸ್ವೆಟರಿನ ಮೇಲೆ ಕಾಲೇಜಿನ ಹೆಸರಿನ ಮೊದಲ ಅಕ್ಷರವಿದೆ. ಆದರೆ ಅವರು ಬೇರೊಂದು ಕಾಲೇಜಿನ ವಿರುದ್ಧ ಆಡಿದ ಪಂದ್ಯದ ಸುದ್ದಿ ಇಡೀ ಸಂಚಿಕೆಯಲ್ಲಿ ಎಲ್ಲಿಯೂ ಇಲ್ಲ. ಹಾಗಿದ್ದರೆ ಈ ಸಂಘ ಮಾಡುತ್ತಿದ್ದುದೇನು? ಆ ಅಕ್ಷರ ದೊರೆತದ್ದು ಯಾವ ಗೆಲುವಿಗಾಗಿ?

ಉತ್ತರ: ಆ ಮೂರು ಅಕ್ಷರಗಳ ಪೂರ್ಣರೂಪ ವಿಮೆನ್ಸ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಮಹಿಳಾ ಕ್ರೀಡಾ ಸಂಘ. ಸ್ವೆಟರಿನ ಮೇಲಿನ ಅಕ್ಷರವು ಯಾವುದೇ ಒಂದು ಗೆಲುವಿಗೆ ಸಂದದ್ದಲ್ಲ. ತರಗತಿಯ ತಂಡದಲ್ಲಿ ಆಡಿದ್ದಕ್ಕೆ, ಈಜಿದ್ದಕ್ಕೆ, ನಿಗದಿತ ದೂರ ಕಾಲ್ನಡಿಗೆಯ ಪ್ರವಾಸ ಮಾಡಿದ್ದಕ್ಕೆ ಸಂಘವು ಅಂಕಗಳನ್ನು ನೀಡುತ್ತಿತ್ತು. ಅಂಕಗಳು ಒಂದು ಮಟ್ಟ ಮುಟ್ಟಿದಾಗ ತರಗತಿಯ ವರ್ಷವನ್ನು ಸೂಚಿಸುವ ಸಂಖ್ಯೆ, ಇನ್ನಷ್ಟು ಸೇರಿದಾಗ ಕಾಲೇಜಿನ ಅಕ್ಷರ ದೊರೆಯುತ್ತಿತ್ತು. ನಿಮ್ಮ ಚಿತ್ರದಲ್ಲಿ ಅಕ್ಷರ ಧರಿಸಿದವರು ಹಲವು ಋತುಗಳ ಕಾಲ ಬಿಡದೆ ಮೈದಾನಕ್ಕೆ ಬಂದವರು.

ಕಾಲೇಜು ಸ್ತ್ರೀಯರ ಆಟ ಇದಕ್ಕಿಂತ ಬಹಳ ಹಿಂದೆಯೇ ಆರಂಭವಾಗಿತ್ತು. ವಾಸರ್ ಕಾಲೇಜಿನಲ್ಲಿ 1866ರಲ್ಲಿಯೇ ವಿದ್ಯಾರ್ಥಿನಿಯರ ಬೇಸ್‌ಬಾಲ್ ಕ್ಲಬ್‌ಗಳಿದ್ದವು. ಗಂಡಸರಂತೆ ಉನ್ನತ ವ್ಯಾಸಂಗ ಮಾಡಿದರೆ ಹೆಣ್ಣುಮಕ್ಕಳ ದೇಹಶಕ್ತಿ ಬತ್ತಿ ತಾಯ್ತನಕ್ಕೇ ಕುಂದು ಬರುತ್ತದೆ ಎಂದು ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಬರೆದಾಗ, ಮಹಿಳಾ ಕಾಲೇಜುಗಳಿಗೆ ತಮ್ಮ ವಿದ್ಯಾರ್ಥಿನಿಯರು ಆರೋಗ್ಯವಂತರೆಂದು ತೋರಿಸಿಕೊಡುವುದು ಅಳಿವು ಉಳಿವಿನ ಪ್ರಶ್ನೆಯಾಯಿತು. ವ್ಯಾಯಾಮಶಾಲೆಗಳು ಬೆಳೆದದ್ದರ ಹಿಂದೆ ಈ ಒತ್ತಡವೂ ಇತ್ತು. ಆದರೆ ಕಸರತ್ತಿಗೆಂದು ಕರೆತಂದ ಹುಡುಗಿಯರು ಮನಸೋತದ್ದು ಆಟಕ್ಕೆ. ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್, ಆಗಷ್ಟೇ ಹುಟ್ಟಿದ್ದ ಬ್ಯಾಸ್ಕೆಟ್‌ಬಾಲನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿ, 1893ರ ಮಾರ್ಚ್ 22ರಂದು ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ ಏರ್ಪಡಿಸಿದರು. ಅದನ್ನು ನೋಡಲು ಗಂಡಸರಿಗೆ ಪ್ರವೇಶವಿರಲಿಲ್ಲ. ಅಂಗಣವನ್ನು ಮೂರು ಪಾಲು ಮಾಡಿ, ಆಟಗಾರ್ತಿಯರು ತಮ್ಮ ಪಾಲನ್ನು ದಾಟಬಾರದೆಂದೂ, ಇನ್ನೊಬ್ಬರ ಕೈಯಿಂದ ಚೆಂಡನ್ನು ಕಿತ್ತುಕೊಳ್ಳಬಾರದೆಂದೂ ಅವರು ನಿಯಮ ರೂಪಿಸಿದರು.

ಅಂತರಕಾಲೇಜು ಪಂದ್ಯಗಳೂ ಇಲ್ಲದಿರಲಿಲ್ಲ. 1896ರ ಏಪ್ರಿಲ್ 4ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟ್ಯಾನ್‌ಫರ್ಡ್ ತಂಡವು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡವನ್ನು 2–1ರಿಂದ ಸೋಲಿಸಿತು. ಅಲ್ಲಿಯೂ ಪ್ರೇಕ್ಷಕರೆಲ್ಲ ಮಹಿಳೆಯರೇ. ಹೀಗೆ ತೆರೆದ ಬಾಗಿಲು ಮುಂದೆ ಮುಚ್ಚಿದ್ದೇಕೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಹೆಣ್ಣಿನ ದೇಹ ಸ್ಪರ್ಧೆಯ ಆಯಾಸವನ್ನು ತಾಳದು ಎಂಬ ವೈದ್ಯಕೀಯ ನಂಬಿಕೆ ಒಂದು ಕಾರಣ. ಅದು ತಪ್ಪು ನಂಬಿಕೆಯಾಗಿತ್ತು. ಎರಡನೆಯ ಕಾರಣವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಪುರುಷರ ಕಾಲೇಜು ಕ್ರೀಡೆಯಲ್ಲಿ ಟಿಕೆಟ್ಟಿನ ಹಣ, ತರಬೇತುದಾರರ ಹಿಡಿತ ಹಾಗೂ ಗೆಲ್ಲಲೇಬೇಕೆಂಬ ಹಟ ಏನೇನು ಮಾಡಿದ್ದವು ಎಂಬುದನ್ನು ವ್ಯಾಯಾಮ ಶಿಕ್ಷಕಿಯರು ಕಣ್ಣಾರೆ ಕಂಡಿದ್ದರು. 1905ರಲ್ಲಿ ಅಮೆರಿಕನ್ ಫುಟ್‌ಬಾಲ್ ಮೈದಾನದ ಸಾವುಗಳು ದೇಶವನ್ನೇ ಕಲಕಿದ್ದವು. ಹನ್ನೊಂದು ಮಂದಿ ಆಡಿ ಸಾವಿರಾರು ಮಂದಿ ಕುಳಿತು ನೋಡುವುದಕ್ಕಿಂತ ಎಲ್ಲರೂ ಆಡುವುದು ಮೇಲು ಎಂಬುದು ಅವರ ನಿಲುವು. 1917ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ಲಾಂಚ್ ಟ್ರಿಲಿಂಗ್ ಹಲವು ಕಾಲೇಜುಗಳ ಈ ಸಂಘಗಳನ್ನು ಒಂದೆಡೆ ಸೇರಿಸಿದರು. 1923ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಅವರ ಪತ್ನಿ ಲೂ ಹೆನ್ರಿ ಹೂವರ್ ನೇತೃತ್ವದಲ್ಲಿ ರೂಪುಗೊಂಡ ರಾಷ್ಟ್ರೀಯ ಹವ್ಯಾಸಿ ಕ್ರೀಡಾ ಒಕ್ಕೂಟದ ಮಹಿಳಾ ವಿಭಾಗವೂ ಇದೇ ನಿಲುವನ್ನು ತಾಳಿತು. ‘ಪ್ಲೇ ಡೇ’ ಎಂಬ ಕೂಟ ಬೆಳೆದದ್ದು ಈ ವಾತಾವರಣದಲ್ಲಿ. ಹಲವು ಕಾಲೇಜುಗಳಿಂದ ಬಂದವರನ್ನು ಬೆರೆಸಿ ಕೆಂಪು, ಹಳದಿ, ನೀಲಿ ಎಂದು ಬಣ್ಣದ ತಂಡಗಳನ್ನು ಮಾಡುತ್ತಿದ್ದರು. ಹಾಗಾಗಿ ಯಾವ ಕಾಲೇಜೂ ಗೆಲ್ಲುತ್ತಿರಲಿಲ್ಲ, ಸೋಲುತ್ತಲೂ ಇರಲಿಲ್ಲ. ತಂತಿ ಪಂದ್ಯಗಳು ಇನ್ನೂ ವಿಚಿತ್ರ: ಬಿಲ್ಲುಗಾರಿಕೆ ಅಥವಾ ಈಜಿನಲ್ಲಿ ಪ್ರತಿ ಕಾಲೇಜಿನವರೂ ತಮ್ಮ ಊರಿನಲ್ಲಿಯೇ ಸ್ಪರ್ಧಿಸಿ, ಫಲಿತಾಂಶವನ್ನು ತಂತಿಯ ಮೂಲಕ ಕಳುಹಿಸಿ ಹೋಲಿಸಿಕೊಳ್ಳುತ್ತಿದ್ದರು. ಎದುರಾಳಿಯ ಮುಖವನ್ನೇ ನೋಡದೆ ಗೆಲ್ಲಬೇಕಾಗಿದ್ದ ಆ ಹುಡುಗಿಯರನ್ನು ನೆನೆದರೆ ನನಗೆ ಇಂದಿಗೂ ಮರುಕವಾಗುತ್ತದೆ. ತನ್ನ ಶಕ್ತಿಯ ಎಲ್ಲೆಯನ್ನು ಅಳೆದು ನೋಡಬೇಕೆಂದಿದ್ದ ಪ್ರತಿಭಾವಂತೆಗೆ ಈ ವ್ಯವಸ್ಥೆಯಲ್ಲಿ ಎಡೆಯಿರಲಿಲ್ಲ, ಮತ್ತು ಆ ನಷ್ಟ ಸಣ್ಣದಲ್ಲ.

ಎಲ್ಲ ಕಾಲೇಜುಗಳೂ ಈ ದಾರಿಯಲ್ಲೇ ನಡೆಯಲಿಲ್ಲ ಎಂಬುದನ್ನು ಮರೆಯಬಾರದು. ಕರಿಯರ ಕಾಲೇಜುಗಳಲ್ಲಿ ಹಲವು ಸ್ಪರ್ಧೆಯನ್ನು ಬಿಟ್ಟುಕೊಡಲಿಲ್ಲ. ಅಲಬಾಮದ ಟಸ್ಕೀಗಿ ಸಂಸ್ಥೆಯಲ್ಲಿ ಪಳಗಿದ ಆಲಿಸ್ ಕೋಚ್‌ಮನ್ 1948ರ ಲಂಡನ್ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.68 ಮೀಟರ್ ದಾಟಿ, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕರಿಯ ಮಹಿಳೆಯಾದರು. 1960ರಲ್ಲಿ ರೋಮ್‌ನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಟೆನೆಸಿ ಸ್ಟೇಟ್‌ನ ವಿದ್ಯಾರ್ಥಿನಿ. ಸ್ತ್ರೀಯರ ದೇಹ ತಾಳದು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಪ್ರಶ್ನೆ: ಇಂಥ ಸಂಘಗಳು ಈಗ ಏಕೆ ಕಾಣುವುದಿಲ್ಲ?

ಉತ್ತರ: ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ ‘ಟೈಟಲ್ ನೈನ್’ ಕಾನೂನು 1972ರಲ್ಲಿ ಬಂದಿತು. ಅದರ ಬಲದಿಂದ ಮಹಿಳಾ ತಂಡಗಳಿಗೆ ಹಣ, ವಿದ್ಯಾರ್ಥಿವೇತನ ಹಾಗೂ ನಿಜವಾದ ಪಂದ್ಯಾವಳಿಗಳು ದೊರೆತವು. ಅದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಆಡಳಿತವು ಪುರುಷರ ಕ್ರೀಡಾ ವಿಭಾಗಗಳ ಕೈಗೆ ಸರಿಯಿತು. 1972ರಲ್ಲಿ ಮಹಿಳಾ ತಂಡಗಳ ತರಬೇತುದಾರರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಮಹಿಳೆಯರೇ ಇದ್ದರು. ಇಂದು ಆ ಪಾಲು ಅರ್ಧಕ್ಕಿಂತಲೂ ಕಡಿಮೆ. ಹಳೆಯ ಸಂಘದಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಖಜಾಂಚಿ ಎಲ್ಲರೂ ವಿದ್ಯಾರ್ಥಿನಿಯರೇ ಆಗಿದ್ದರು. ಚುನಾವಣೆ ನಡೆಸಿದವರು, ಹಣ ಹೊಂದಿಸಿದವರು, ಅಂಕದ ಪುಸ್ತಕ ಬರೆದವರು ಅವರೇ. ಮೊದಲ ಪ್ರಶ್ನೆ ಕೇಳಿದವರು ಆ ಚಿತ್ರದ ಕೆಳಗಿನ ಸಾಲುಗಳನ್ನು ಮತ್ತೊಮ್ಮೆ ಓದಬೇಕು. ಪದಾಧಿಕಾರಿಗಳ ಹೆಸರುಗಳು ಅಲ್ಲಿರುವ ಸಂಭವ ಹೆಚ್ಚು.